ಎಡೆಯ ಮುಂದೆ ಕೂತ ಹುಡುಗಿ

ಹೊಸದಾಗಿ ಸೇರಿದ ಹುಡುಗಿ ಎರಡು ಸಂಬಳ ತೆಗೆದುಕೊಳ್ಳುವವರೆಗೆ ನಿಂತರೆ ನಮ್ಮ ವೃದ್ಧಾಶ್ರಮದಲ್ಲಿ ಅದೇ ದೊಡ್ಡ ಮಾತಾಗಿತ್ತು. ಗುಂಡ್ಲುಪೇಟೆ ದಾಟಿ ಚಾಮರಾಜನಗರದ ಕಡೆಗೆ ಹೋಗುವ ರಸ್ತೆಯ ಪಕ್ಕದ ಕಟ್ಟಡ ಅದು. ಮೊದಲು ಅಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರಂತೆ. ಒಂದೇ ಉದ್ದನೆಯ ಹಜಾರ, ಗೋಡೆಯ ಮೇಲ್ಭಾಗದಲ್ಲಿ ಸಾಲಾಗಿ ಗಾಳಿಕಿಂಡಿಗಳು. ಹಿಂಬಾಗಿಲು ತೆರೆದರೆ ಯಾರದೋ ಹೊಲದ ಚೆಂಡು ಹೂವು ಕಣ್ಣು ಕುಕ್ಕುವಂತೆ ಕಾಣುತ್ತಿತ್ತು. ಎರಡೂ ಬದಿಗೆ ಮಂಚಗಳು, ಮಧ್ಯೆ ಓಡಾಡುವ ಜಾಗ. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕಣ್ಣು ತೆರೆದುಕೊಂಡೇ ಸುಮ್ಮನೆ ಮಲಗುವ ಹೊತ್ತಿದೆಯಲ್ಲ, ಆಗ ಆ ಹಜಾರದಲ್ಲಿ ನಡೆದಾಡುವುದಕ್ಕೆ ನನಗೂ ಅಷ್ಟಾಗಿ ಮನಸ್ಸು ಬರುತ್ತಿರಲಿಲ್ಲ.

ಅದನ್ನು ನಡೆಸುತ್ತಿದ್ದ ಟ್ರಸ್ಟಿನವರು ನರ್ಸಾದ ನನ್ನನ್ನು ಕರೆಸಿದ್ದು ಒಂದು ವರ್ಷದ ಮಟ್ಟಿಗೆ. ಕಾರ್ಯದರ್ಶಿಗಳು ಮೊದಲ ದಿನವೇ ಹೇಳಿದ್ದರು: "ಸಿಸ್ಟರ್, ನೀವು ಹೊರಡೋದರೊಳಗೆ ಈ ಜಾಗ ನಡೆಸುವಂಥ ಒಬ್ಬ ಹುಡುಗಿಯನ್ನ ಇಲ್ಲಿಯವರಲ್ಲೇ ತಯಾರು ಮಾಡಿಕೊಡಿ. ವಯಸ್ಸಾದವರು ಬೇಡ. ಇಲ್ಲಿರೋ ಆಯಾಗಳಿಗೇ ಮಂಡಿನೋವು."

ನಾನು ಚಾಮರಾಜನಗರದ ಒಂದು ಕಾಲೇಜಿನಲ್ಲಿ ಪಿಯುಸಿ ಹುಡುಗಿಯರ ಮುಂದೆ ನಿಂತು ಸೇವೆಯ ಬಗ್ಗೆ ಮಾತಾಡಿದೆ. ಹಿಂದಿನ ಬೆಂಚಿನಿಂದ ಒಬ್ಬಳು, "ಮುದುಕ್ರು ಉಚ್ಚೆ ಬಾಚಕ್ಕೆ ಪಿಯುಸಿ ಓದ್ಬೇಕಾ?" ಎಂದಳು. ಇಡೀ ಕ್ಲಾಸು ನಕ್ಕಿತು. ಹಳ್ಳಿಗಳಿಗೆ ಹೋಗಿ ಮನೆಮನೆಯಲ್ಲಿ ಕೂತರೆ ತಾಯಂದಿರು ಕಾಫಿ ಕೊಟ್ಟು, "ನಾಳಿಕ್ಕೆ ಗಂಡು ನೋಡಕ್ಕೆ ಬಂದ್ರೆ ಏನ್ ಕೆಲ್ಸ ಅಂತ ಏಳ್ಳಿ ನಾನು?" ಎನ್ನುತ್ತಿದ್ದರು. ಬಂದ ನಾಲ್ಕೈದು ಜನರೂ ನಿಲ್ಲಲಿಲ್ಲ. ಹೊಲಸಿಗೆ ಹೆದರಿ ಓಡುತ್ತಾರೆ ಎಂದು ಎಲ್ಲರೂ ತಿಳಿದಿದ್ದರು. ಒಬ್ಬೊಬ್ಬರನ್ನೇ ಕೂರಿಸಿ ಕೇಳಿದಾಗ ಬೇರೆಯೇ ಸಂಗತಿ ಹೊರಬಂತು. ನಿನ್ನೆ ಗಂಜಿ ಕುಡಿಸಿದ ಜೀವ ಇವತ್ತು ಮಂಚದ ಮೇಲೆ ತಣ್ಣಗಾಗಿರುತ್ತದೆ. ಒರೆಸಿ, ಬಟ್ಟೆ ಬದಲಿಸಿ, ಮುಂದಿನ ಮಂಚಕ್ಕೆ ಹೋಗಬೇಕು. ಅದರ ಬಗ್ಗೆ ಒಂದು ಮಾತು ಆಡುವುದಕ್ಕೂ ಅವರಿಗೆ ಯಾರೂ ಇರಲಿಲ್ಲ.

ಹಾಗಾಗಿ ನಾನು ಕೆಲವು ನಿಯಮ ಮಾಡಿದೆ. ಹೊಸ ಹುಡುಗಿಯನ್ನು ಸಾಯುತ್ತಿರುವವರ ಹತ್ತಿರ ಒಂಟಿಯಾಗಿ ಬಿಡಬಾರದು. ವಾರಕ್ಕೊಮ್ಮೆ ಎಲ್ಲರೂ ಕೂರಬೇಕು, ಮೊದಲು ಚಿಕ್ಕವರು ಮಾತಾಡಬೇಕು, ಆಮೇಲೆ ಆಯಾಗಳು, ಕೊನೆಗೆ ನಾನು. ಮಧ್ಯಾಹ್ನದ ಪಾಳಿಯ ಜವಾಬ್ದಾರಿಯನ್ನು ಪೂರ್ತಿಯಾಗಿ ಒಬ್ಬ ಹುಡುಗಿಗೆ ಕೊಡಬೇಕು.

ಹರವೆಯ ಹುಡುಗಿ ಬಂದದ್ದು ಆಗ. ರೈತರ ಮನೆಯವಳು, ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದವಳು. ಬಂದ ದಿನ ಸಂಬಳ ಕೇಳುವ ಮೊದಲು ಕೇಳಿದಳು: "ಇಲ್ಲಿ ನಾನು ಏನಾದ್ರೂ ತೀರ್ಮಾನ ಮಾಡ್ಬೋದಾ ಸಿಸ್ಟರ್, ಇಲ್ಲ ಬರೀ ಏಳ್ದಂಗೆ ಕೇಳ್ಬೇಕಾ?"

"ಕಲಿಯೋವರೆಗೂ ಹೇಳಿದಂಗೆ ಕೇಳಬೇಕು. ಕಲಿತ ಮೇಲೆ ನೀನೇ ತೀರ್ಮಾನ ಮಾಡಬೇಕು. ತಪ್ಪಾದರೆ ಇಬ್ಬರೂ ಕೂತು ಸರಿ ಮಾಡೋಣ" ಎಂದೆ.

"ಅಂಗಾದ್ರೆ ಬತ್ತೀನಿ" ಎಂದಳು.

ಬೇಗ ಕಲಿತಳು. ಮಗ್ಗುಲು ಬದಲಾಯಿಸುವಾಗ ಮಂಡಿಗಳ ನಡುವೆ ದಿಂಬು ಇಡುವುದು, ಬೆನ್ನು ಕೆಂಪಾದ ಕಡೆ ಉಜ್ಜದೆ ಭಾರ ಇಳಿಸುವುದು, ಊಟ ಮಾಡಿಸುವಾಗ ಬೆನ್ನು ನೆಟ್ಟಗೆ ಕೂರಿಸಿ ಗದ್ದ ತಗ್ಗಿಸಿ, ಒಂದು ತುತ್ತು ಗಂಟಲು ದಾಟಿದ್ದನ್ನು ನೋಡಿಯೇ ಇನ್ನೊಂದು ಕೊಡುವುದು. ಮರೆವಿನ ಕಾಯಿಲೆಯವರ ಮಾತನ್ನು ಅಲ್ಲಗಳೆಯಬಾರದು ಎಂದು ಹೇಳಿಕೊಟ್ಟಿದ್ದೆ. ಅವರು ಇರುವ ಲೋಕಕ್ಕೆ ನಾವು ಹೋಗಬೇಕೇ ಹೊರತು ಎಳೆದು ನಮ್ಮದಕ್ಕೆ ತರಬಾರದು. ಆ ಪಾಠ ಎಲ್ಲಿಗೆ ಮುಟ್ಟುತ್ತದೆಂದು ನನಗೂ ಗೊತ್ತಿರಲಿಲ್ಲ. ಬೇಸಿಗೆ ಮುಗಿಯುವ ಹೊತ್ತಿಗೆ ಮಧ್ಯಾಹ್ನದ ಪಾಳಿಯನ್ನು ಅವಳ ಕೈಗೆ ಒಪ್ಪಿಸಿದೆ. ಆಯಾಗಳು ಮುಖ ಊದಿಸಿಕೊಂಡರು, ಆದರೆ ಬಿಟ್ಟುಹೋಗಲಿಲ್ಲ. ಅವಳನ್ನು ನೋಡಿ ಇನ್ನೂ ಇಬ್ಬರು ಹುಡುಗಿಯರು ಸೇರಿದರು.

ಮಳೆಗಾಲದ ನಡುವೆ ಉಮ್ಮತ್ತೂರಿನ ಅಜ್ಜಿಯನ್ನು ಅವಳ ಅಣ್ಣನ ಮಗ ಟೆಂಪೋದಲ್ಲಿ ಕರೆತಂದು ಬಿಟ್ಟ. ಒಣಗಿದ ಮೈ, ಹಣೆ ತುಂಬ ವಿಭೂತಿ, ಬಹಳ ಶಾಂತವಾದ ಕಣ್ಣು. ಮನೆಯಲ್ಲಿ ಒಲೆ ಉರಿಸಿ ಮರೆಯುತ್ತಾಳೆ, ದಾರಿ ತಪ್ಪುತ್ತಾಳೆ ಎಂದ. ಹೊಸಬರಿಗೆ ಮೊದಲ ಊಟವನ್ನು ಪಾಳಿಯ ಮುಖ್ಯಸ್ಥೆಯೇ ಮಾಡಿಸಬೇಕೆನ್ನುವುದು ನಮ್ಮ ಪದ್ಧತಿ. ಹರವೆಯ ಹುಡುಗಿ ಮೆತ್ತಗೆ ಮಾಡಿದ ಅನ್ನಸಾರಿನ ಬಟ್ಟಲು ಹಿಡಿದು ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ಅಜ್ಜಿ ತಲೆಯೆತ್ತಿ ಅವಳನ್ನು ನೋಡಿದಳು. ಮುಖ ಅರಳಿತು. ಆಮೇಲೆ ಮೆಲ್ಲಗೆ, ಉಂಡೆಯಾ ಎಂದು ಕೇಳುವ ದನಿಯಲ್ಲೇ, ಕೇಳಿದಳು:

"ನೀ ಸತ್ತೋದೋಳಲ್ವವ್ವಾ ಪುಟ್ಟಮ್ಮಣ್ಣಿ? ನಿನ್ನ ಕೂರ್ಸಿ, ಇಬೂತಿ ಮುಚ್ಚಿ, ಮಣ್ಣು ಮಾಡುದ್ವಲ್ಲ. ಎಂಗೆ ಎದ್ದು ಬಂದೆ?"

ನಮ್ಮ ಕಡೆಯ ಲಿಂಗಾಯತರು ಹೆಣವನ್ನು ಮಲಗಿಸುವುದಿಲ್ಲ, ಗುಂಡಿಯಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಹುಡುಗಿಗೂ ಅದು ಗೊತ್ತು, ಅವಳ ಮನೆಯಲ್ಲೂ ಅದೇ ಪದ್ಧತಿ. ಅವಳ ಕೈಯಲ್ಲಿದ್ದ ಚಮಚ ಅರ್ಧದಲ್ಲೇ ನಿಂತಿತು. ಸುಧಾರಿಸಿಕೊಂಡು, "ಊಟ ಮಾಡಜ್ಜಿ" ಎಂದಳು. ಅಜ್ಜಿ ತುಟಿ ಬಿಗಿದಳು. "ಸತ್ತೋರ ಕೈಲಿ ಉಣ್ಬಾರ್ದು ಕಣವ್ವ. ನಿಂಗೂ ಒಳ್ಳೇದಲ್ಲ" ಎಂದು ಕನಿಕರದಿಂದಲೇ ಹೇಳಿದಳು.

ಆ ದಿನ ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಈ ಕಾಯಿಲೆಯಲ್ಲಿ ಒಬ್ಬರ ಮುಖ ಇನ್ನೊಬ್ಬರದಾಗುವುದು ಸಾಮಾನ್ಯ. ಬೇರೆಯವಳು ಊಟ ಮಾಡಿಸಿದಳು, ಅಜ್ಜಿ ಉಂಡಳು. ಮರುದಿನ ಅಜ್ಜಿ ಪಕ್ಕದ ಮಂಚದವರಿಗೆ, "ಅವ್ಳ ಬಲಗಿವಿ ಹಿಂದೆ ಕರೀ ಮಚ್ಚೆ ಅದಾ ನೋಡಿ" ಎಂದಳಂತೆ. ಹುಡುಗಿಯರು ತಮಾಷೆಗೆ ನೋಡಿದರು. ಇತ್ತು. ಹಾಸಿಗೆ ಸರಿಮಾಡಲು ಬಗ್ಗಿದಾಗ ಅಜ್ಜಿಯ ಕಣ್ಣಿಗೆ ಬಿದ್ದಿರಬೇಕು ಎಂದು ನಾನೇ ಎಲ್ಲರಿಗೂ ಹೇಳಿದೆ. ಆದರೆ ಹುಡುಗಿ ತನ್ನ ಜಡೆಯನ್ನು ಅಲ್ಲಿಂದಾಚೆ ಬಲಗಡೆಯ ಭುಜದ ಮೇಲೆ ಹಾಕಿಕೊಳ್ಳತೊಡಗಿದ್ದನ್ನು ನೋಡಿದೆ.

ಅಜ್ಜಿ ಎಂದೂ ಕೂಗಾಡಲಿಲ್ಲ. ಕೂಗಾಡಿದ್ದರೆ ಸುಲಭವಿತ್ತು. ಹುಡುಗಿ ಪಾಳಿಗೆ ಬಂದ ಕೂಡಲೇ ಮಂಚದ ಮೇಲೆ ಎದ್ದು ಕೂತು, ಅವಳು ಹೋದಲ್ಲೆಲ್ಲ ಕಣ್ಣು ಹಾಯಿಸುತ್ತಿದ್ದಳು. "ಪಾಪ, ಮಗೀಗೆ ತಾನು ಸತ್ತಿದ್ದೀನಿ ಅಂತ್ಲೇ ಗೊತ್ತಿಲ್ಲ" ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಮರೆವಿನವರ ನಡುವೆ ಮಾತು ಹೇಗೆ ಹರಡುತ್ತದೋ! ನಿನ್ನೆಯ ಊಟ ನೆನಪಿರದವರಿಗೂ ಇದೊಂದು ನೆನಪು ನಿಂತಿತು. ಒಂದು ಮಧ್ಯಾಹ್ನ ನಾನು ಕಚೇರಿಯಿಂದ ಹಜಾರಕ್ಕೆ ಬಂದಾಗ ಹುಡುಗಿ ಮಧ್ಯದ ದಾರಿಯಲ್ಲಿ ನೀರಿನ ಜಗ್ಗು ಹಿಡಿದು ನಡೆಯುತ್ತಿದ್ದಳು. ಎರಡೂ ಸಾಲಿನ ಮುದುಕರು ಮಂಚಗಳ ಮೇಲೆ ಕೂತು, ಬಗ್ಗಿ, ಅವಳ ಪಾದಗಳನ್ನೇ ನೋಡುತ್ತಿದ್ದರು. ಹೆಬ್ಬೆರಳು ಮುಂದಿದೆಯೋ ಹಿಂದಿದೆಯೋ ಎಂದು. ಅವಳು ಕೊನೆಯ ಮಂಚ ಮುಟ್ಟಿದಾಗ ನಿಂತು, ತಾನೂ ತನ್ನ ಕಾಲನ್ನು ನೋಡಿಕೊಂಡಳು.

ನಾನು ಹೋಗಿ ಅವಳ ಕೈಯಿಂದ ಜಗ್ಗು ತೆಗೆದುಕೊಂಡೆ.

ಅವಳ ಕೈಯಿಂದ ತುತ್ತು ತೆಗೆದುಕೊಳ್ಳುವುದನ್ನು ಇನ್ನೂ ಮೂವರು ನಿಲ್ಲಿಸಿದರು. ಅವಳ ಜೊತೆ ಒಂದೇ ತಟ್ಟೆಯಲ್ಲಿ ಕಡ್ಲೆಪುರಿ ತಿನ್ನುತ್ತಿದ್ದ ಹೊಸ ಹುಡುಗಿಯರಿಬ್ಬರೂ ದೂರ ಕೂರತೊಡಗಿದರು. ವಾರದ ಸಭೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಸಭೆ ಮುಗಿದ ಮೇಲೆ ಅವಳು ಕಚೇರಿಯ ಬಾಗಿಲಲ್ಲಿ ನಿಂತು ಹೇಳಿದಳು:

"ಸಿಸ್ಟರ್, ಬೆಳಗ್ಗೆ ಬಸ್ಸಲ್ಲಿ ಕಂಡಕ್ಟ್ರು ಎಲ್ಲಾರ್ಗೂ ಟಿಕೀಟು ಕೊಟ್ಟ. ನನ್ ಅತ್ರ ಬಂದು, ನನ್ನ ದಾಟ್ಕೊಂಡು ಇಂದ್ಲೋಳ್ನ ಕೇಳ್ದ. ನಾನು ಕೈ ಚಾಚ್ಕೊಂಡೇ ಇದ್ದೆ."

"ಪಾಸಿದೆ ಅಂದುಕೊಂಡಿರುತ್ತಾನೆ."

"ಅಂಗೇ ಇರ್ಬೇಕು" ಎಂದಳು. "ಆದ್ರೆ ಇಳಿಯೋಗಂಟ ಕೈ ತಣ್ಣಗಿತ್ತು."

ನಾನು ಸುಲಭದ ದಾರಿ ಹಿಡಿದೆ. ಅವಳನ್ನು ಕೆಲವು ದಿನ ಹಜಾರದಿಂದ ತೆಗೆದು ಅಡುಗೆಮನೆಯ ಉಸ್ತುವಾರಿಗೆ ಹಾಕಿದೆ. ಅದು ಎಲ್ಲವನ್ನೂ ಇನ್ನಷ್ಟು ಕೆಡಿಸಿತು. ಅಜ್ಜಿ ಬಾಗಿಲ ಕಡೆ ಮುಖ ಮಾಡಿ ಕೂತು, "ನನ್ ಮಗಳ್ನ ಎಲ್ಲಿ ಮಡಗಿದ್ದೀರಿ? ಇನ್ನೊಂದ್ಸಲ ಮಣ್ಣು ಮಾಡ್ಬುಟ್ರಾ?" ಎಂದು ಕೇಳತೊಡಗಿದಳು. ಯಾರ ಕೈಯಿಂದಲೂ ಉಣ್ಣಲಿಲ್ಲ. ನೀರು ತುಟಿಗೆ ಹಚ್ಚಿದರೆ ಮುಖ ತಿರುಗಿಸುತ್ತಿದ್ದಳು. ನಾಲಗೆ ಒಣಗಿತು. ಕೈಯ ಹಿಂಬದಿಯ ಚರ್ಮ ಹಿಡಿದು ಬಿಟ್ಟರೆ ಎತ್ತಿದಂತೆಯೇ ನಿಲ್ಲುತ್ತಿತ್ತು. ಗುಂಡ್ಲುಪೇಟೆಯಿಂದ ಬರುತ್ತಿದ್ದ ಡಾಕ್ಟರು ಡ್ರಿಪ್ ಹಾಕಿ, "ಹೀಗೇ ಆದರೆ ಮೂಗಿನಿಂದ ಟ್ಯೂಬ್ ಇಳಿಸಬೇಕಾಗುತ್ತೆ. ಕಿತ್ತುಕೊಳ್ಳದ ಹಾಗೆ ಕೈಗಳನ್ನ ಮಂಚಕ್ಕೆ ಕಟ್ಟಬೇಕು" ಎಂದರು. ಕಾರ್ಯದರ್ಶಿಗಳು ಮೊಬೈಲಿನಿಂದ ಕಚೇರಿಯ ಫೋನಿಗೆ ಕರೆ ಮಾಡಿ, "ಆ ಮುದುಕಿಯನ್ನ ವಾಪಸು ಕಳಿಸಿ ಸಿಸ್ಟರ್. ಒಬ್ಬಳಿಗೋಸ್ಕರ ನಾವು ತಯಾರು ಮಾಡಿದ ಹುಡುಗಿ ಹೋದರೆ ಮತ್ತೆ ಮೊದಲಿಂದ ಶುರು" ಎಂದರು.

ಅಜ್ಜಿಯ ಅಣ್ಣನ ಮಗ ಕೊಟ್ಟುಹೋಗಿದ್ದ, ಅವನ ಊರಿನ ಅಂಗಡಿಯ ನಂಬರಿಗೆ ಫೋನು ಮಾಡಿದೆ. ಅಂಗಡಿಯವರು ಹೋಗಿ ಅವನನ್ನು ಕರೆದು ತರುವವರೆಗೂ ಕಾದೆ.

"ಇದ್ಲು ಕಣಮ್ಮ, ನಮ್ಮತ್ತೆ ಮಗಳು ಪುಟ್ಟಮ್ಮಣ್ಣಿ" ಎಂದ ಅವನು. "ನಾನು ಆಗ ಚಿಕ್ಕೋನು. ಜ್ವರ ಬಂದು ಓಗ್ಬುಟ್ಲು, ಮದ್ವೆ ಮಾತಾಡಿದ್ರು ಆಗ್ಲೇ. ಅತ್ತೆ ಸತ್ಯಮಂಗಲದ ಕಡೀಕೆ ಕಬ್ಬು ಕಡಿಯಾಕೆ ಓಗಿತ್ತು. ಏಳಿ ಕಳ್ಸಿ, ಬರಗಂಟ ಮಡಗಕ್ಕಾಗ್ನಿಲ್ಲ."

"ಮಣ್ಣು ಮಾಡುವಾಗ ನಿಮ್ಮತ್ತೆ ಇರಲಿಲ್ವಾ?"

"ಇರ್ನಿಲ್ಲ. ಮೊಕನೂ ನೋಡ್ನಿಲ್ಲ."

ಫೋನು ಇಟ್ಟೆ. ಕೂರಿಸಿದ್ದು, ವಿಭೂತಿ ಮುಚ್ಚಿದ್ದು, ಕತ್ತು ವಾಲದ ಹಾಗೆ ಯಾರೋ ಹಿಡಿದುಕೊಂಡದ್ದು ಎಲ್ಲವನ್ನೂ ಅಜ್ಜಿ ಕಣ್ಣಾರೆ ಕಂಡವಳಂತೆ ಹೇಳುತ್ತಿದ್ದಳು.

ಅಷ್ಟರಲ್ಲಿ ಮಾತು ಹರವೆಗೂ ತಲುಪಿತ್ತು. ಹುಡುಗಿಯ ತಾಯಿ ಬಂದರು. ಗಟ್ಟಿ ಹೆಂಗಸು, ಹೊಲದಿಂದ ನೇರವಾಗಿ ಬಂದಂತಿದ್ದರು. "ಅಮ್ಮಾವ್ರೆ, ನೀವು ಒಳ್ಳೇವ್ರು ಅಂತ ಕಳ್ಸುದ್ವಿ. ಬದ್ಕಿರೋ ಮೊಗನ ದಿನಾ ಸತ್ತೋದೆ ಸತ್ತೋದೆ ಅಂದ್ರೆ ಎಂಗಮ್ಮಾ? ಮನೇಲೂ ಊಟ ಸೇರ್ತಿಲ್ಲ ಇವ್ಳ್ಗೆ. ಕನ್ನಡಿ ಮುಂದೆ ನಿಂತ್ಕೊಂಡು ತನ್ನ ತಾನೇ ಮುಟ್ಟಿ ನೋಡ್ಕತಾಳೆ. ಕರ್ಕೊಂಡೋಯ್ತೀನಿ" ಎಂದರು.

ಅವರು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ನನ್ನೆದುರು ಇದ್ದ ದಾರಿಗಳೆಲ್ಲ ಒಬ್ಬರನ್ನು ಕಳೆದುಕೊಳ್ಳುವ ದಾರಿಗಳೇ. ಅಜ್ಜಿಯನ್ನು ಕಳಿಸಿದರೆ ಆ ಮನೆಯಲ್ಲಿ ಅವಳು ಹೆಚ್ಚು ದಿನ ಬದುಕುವುದಿಲ್ಲ. ಹುಡುಗಿಯನ್ನು ಕಳಿಸಿದರೆ ಹಜಾರದವರು ಹೇಳಿದ್ದನ್ನೇ ನಾವೂ ಒಪ್ಪಿಕೊಂಡಂತೆ, ಮತ್ತು ಆ ಭಯವನ್ನು ಅವಳು ಹರವೆಗೂ ಹೊತ್ತುಕೊಂಡು ಹೋಗುತ್ತಾಳೆ. ನಾನು ಅವಳನ್ನು ಒಳಗೆ ಕರೆದು, ತಾಯಿಯ ಮುಂದೆಯೇ ಹೇಳಿದೆ: "ಪಾಳಿ ನಿನ್ನದು. ನಿನ್ನನ್ನ ಕೇಳದೆ ಅಡುಗೆಮನೆಗೆ ಹಾಕಿದ್ದು ಸರಿಯಾಗಲಿಲ್ಲ. ಏನು ಮಾಡೋದು ಅಂತ ನೀನು ಹೇಳು. ಹೋಗ್ತೀನಿ ಅಂದರೂ ಬೇಜಾರಿಲ್ಲ, ನಾನೇ ಬಸ್ಸು ಹತ್ತಿಸ್ತೀನಿ."

ಅವಳು ಗೋಡೆಗೆ ಒರಗಿ ನಿಂತಿದ್ದಳು. "ಅಜ್ಜಿನ ಯಾರಾದ್ರೂ ಕೇಳುದ್ರಾ ಸಿಸ್ಟರ್, ಏನ್ ಬೇಕು ಅಂತ?" ಎಂದಳು.

ಯಾರೂ ಕೇಳಿರಲಿಲ್ಲ. ಮಾತು ಬದಲಿಸುವುದು, ಹಾಡು ಹಾಕುವುದು, ಗಮನ ಬೇರೆ ಕಡೆಗೆ ಎಳೆಯುವುದು, ಇವನ್ನೆಲ್ಲ ಮಾಡಿದ್ದೆವು.

"ಎಲ್ಡು ದಿನ ಕೊಡವ್ವ" ಎಂದು ತಾಯಿಯ ಕಡೆ ತಿರುಗಿದಳು. ತಾಯಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೊರಗೆ ಜಗಲಿಯ ಮೇಲೆ ಕೂತರು.

ಹುಡುಗಿ ಅಜ್ಜಿಯ ಎದುರಿಗೆ ಸ್ಟೂಲು ಹಾಕಿಕೊಂಡು ಕೂತಳು. ಕೈಯಲ್ಲಿ ಬಟ್ಟಲಿರಲಿಲ್ಲ. ನಾನು ಪಕ್ಕದ ಮಂಚದ ತುದಿಯಲ್ಲಿ ಕೂತೆ, ಅದೊಂದನ್ನು ಅವಳು ಬೇಡಿಕೊಂಡಿದ್ದಳು.

"ಬಂದೆಯಾ ಪುಟ್ಟಮ್ಮಣ್ಣಿ" ಎಂದಳು ಅಜ್ಜಿ. ದನಿ ಕ್ಷೀಣಿಸಿತ್ತು.

"ಬಂದೆ ಕಣವ್ವ." ಹುಡುಗಿ ಸ್ಟೂಲನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. "ನಾ ಯಾಕೆ ಬಂದಿದ್ದೀನಿ, ನಿಂಗೆ ಗೊತ್ತಾ?"

"ಗೊತ್ತಿಲ್ದೇ ಏನು? ಹಸ್ಕೊಂಡ್ ಬಂದಿದ್ದೀಯ. ನಾ ಕಬ್ಬಿಗೆ ಓಗೋ ದಿನ ಬೆಳಗ್ಗೆ ನಿಂಗೆ ಏನೂ ಮಾಡ್ಲಿಲ್ಲ. ಹಸ್ಕೊಂಡೇ ಬಾಗ್ಲಲ್ಲಿ ನಿಂತಿದ್ದೆ ನೀನು. ವರ್ಸ ವರ್ಸ ಎಡೆ ಮಡಗಿದ್ದೆ. ಕಾಗೆ ಬಂದು ತಿಂದ್ಕೊಂಡು ಓಗೋದು. ನೀ ಒಂದ್ಸಲನೂ ಬರ್ಲಿಲ್ಲ." ಅಜ್ಜಿ ಕೈ ಚಾಚಿ ಅವಳ ಮುಂಗೈ ಹಿಡಿದಳು. "ಈಗ ಬಂದಿದ್ದೀಯ. ಇವ್ರು ನಿನ್ನ ಉಣ್ಣಾಕೆ ಬುಡ್ತಿಲ್ಲ. ನೀನು ಉಣ್ದಲೆ ನಾನೆಂಗೆ ಉಣ್ಣಾನ?"

ಅಜ್ಜಿ ಅಷ್ಟು ದಿನ ಬಾಯಿ ಬಿಗಿಹಿಡಿದದ್ದು ಏಕೆಂದು ಆಗ ತಿಳಿಯಿತು.

ಹಿರಿಯರ ಹಬ್ಬದ ದಿನಗಳು ಅವು. ಸುತ್ತಲಿನ ಊರುಗಳಲ್ಲೆಲ್ಲ ಸತ್ತವರಿಗೆ ಎಡೆ ಇಡುತ್ತಿದ್ದರು, ಮಧ್ಯಾಹ್ನವಾದರೆ ಗಾಳಿಯಲ್ಲಿ ಎಣ್ಣೆ ಬೆಲ್ಲದ ವಾಸನೆ ಬರುತ್ತಿತ್ತು. ಕಚೇರಿಗೆ ಬಂದು ಹುಡುಗಿ ತನ್ನ ತೀರ್ಮಾನ ಹೇಳಿದಳು. ಅಜ್ಜಿಯ ಕೈಯಿಂದ ಎಡೆ ಇಡಿಸಬೇಕು, ಅದರ ಮುಂದೆ ತಾನು ಕೂತು ಉಣ್ಣಬೇಕು.

ನನಗೆ ಬೇಡವೆನಿಸಿತು. ಅವರ ಲೋಕಕ್ಕೆ ಹೋಗಬೇಕು ಎಂದು ಕಲಿಸಿದವಳು ನಾನೇ. ಆದರೆ ಇಪ್ಪತ್ತೊಂದು ವರ್ಷದ ಹುಡುಗಿಯೊಬ್ಬಳು ಸತ್ತವರ ಊಟ ಉಂಡು, ಆಮೇಲೆ ಅದರಿಂದ ಹೊರಗೆ ಬಾರದಿದ್ದರೆ? "ಇದು ಪಾಳಿಯ ಕೆಲಸವಲ್ಲ. ಯಾರೂ ನಿನ್ನಿಂದ ಇಷ್ಟು ಕೇಳಲ್ಲ" ಎಂದೆ.

"ಟ್ಯೂಬಾಕಿ ಕೈ ಕಟ್ಟೋದು ಪಾಳಿ ಕೆಲ್ಸನಾ?" ಎಂದಳು. ಜಗಳದ ದನಿಯಲ್ಲಲ್ಲ. ಅವಳಿಗೂ ಹೆದರಿಕೆಯಿತ್ತು, ಹೇಳುವಾಗ ಬೆರಳುಗಳು ದುಪಟ್ಟಾದ ಅಂಚನ್ನು ಸುತ್ತುತ್ತಿದ್ದವು. "ನಂಗೂ ಭಯ ಆಯ್ತದೆ ಸಿಸ್ಟರ್. ಆದ್ರೆ ಇಂಗೇ ಬುಟ್ಟು ಓದ್ರೆ ಜೀವಮಾನ ಪೂರ್ತಿ ಆಯ್ತದೆ."

ಕೊನೆಯ ಮಾತು ತಾಯಿಯದಾಗಬೇಕೆಂದು ನಾನು ಹಠ ಹಿಡಿದೆ. ಜಗಲಿಯ ಮೇಲೆ ಕೂತಿದ್ದ ಅವರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಒಳಗೆ ಬಂದು, ಅಜ್ಜಿಯ ಮಂಚದ ಹತ್ತಿರ ನಿಂತು, ಆ ಒಣಗಿದ ಮುಖವನ್ನು ನೋಡುತ್ತಲೇ ಇದ್ದರು. ಹೊರಗೆ ಬಂದ ಮೇಲೆ, "ಮಗಳ ಮೊಕ ನೋಡ್ನಿಲ್ವಂತಾ?" ಎಂದು ಕೇಳಿದರು. ಇಲ್ಲ ಎಂದೆ. "ನಾನೂ ಇಲ್ಲೇ ಇರ್ತೀನಿ. ಮುಗುದ್ ಮೇಲೆ ದೃಷ್ಟಿ ತೆಗುದು, ತಲೆ ಮೇಲೆ ನೀರುಯ್ದೇ ಕರ್ಕೊಂಡೋಗೋದು" ಎಂದರು. ಮರುದಿನ ಅಡುಗೆಯವರ ಜೊತೆ ನಿಂತು ಕಜ್ಜಾಯ ಸುಟ್ಟವರೂ ಅವರೇ.

ನಡೆದದ್ದು ನಡುಮಧ್ಯಾಹ್ನ. ಹಜಾರದ ಎಲ್ಲ ಬಾಗಿಲು ತೆರೆದಿದ್ದೆವು, ಬಿಸಿಲು ನೆಲದ ಮೇಲೆ ಬಿದ್ದಿತ್ತು. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಸೊಂಟದ ಸುತ್ತ ಬಟ್ಟೆ ಬಿಗಿದು, ಮುಂದೆ ಎಲೆ ಹಾಸಿದೆವು. ಅನ್ನ, ಅಳಸಂದೆ ಕಾಳಿನ ಸಾರು, ಕಜ್ಜಾಯ. ಬಟ್ಟಲು ಹಿಡಿಯಲೂ ಆಗದೆ ನಡುಗುತ್ತಿದ್ದ ಆ ಕೈಗಳು ಎಲೆಯ ಮೇಲೆ ಅನ್ನವನ್ನು ಮೂರು ಕಡೆ ಒತ್ತಿ ಇಟ್ಟವು, ವಿಭೂತಿ ಹಚ್ಚಿದವು, ಊದುಬತ್ತಿಯ ಹೊಗೆಯನ್ನು ಎಲೆಯ ಮೇಲೆ ಆಡಿಸಿದವು. ಒಂದು ಕಾಳೂ ಚೆಲ್ಲಲಿಲ್ಲ. ಹುಡುಗಿ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬೆನ್ನು ನೆಟ್ಟಗಿತ್ತು. ಅವಳು ಕೂತ ರೀತಿ ನೋಡಿ ಸಾಲಿನಲ್ಲಿದ್ದ ಒಬ್ಬ ಮುದುಕರು ಕೈ ಮುಗಿದರು. ಗುಂಡಿಯಲ್ಲಿ ಕೂರಿಸುವುದು ಹಾಗೆಯೇ.

ಅಜ್ಜಿ ಬಗ್ಗಿ ತುತ್ತು ಮಾಡಿ ಅವಳ ಬಾಯಿಗೆ ಇಟ್ಟಳು. ಅದು ಗಂಟಲು ದಾಟುವವರೆಗೂ ಕಾದಳು. ಇನ್ನೊಂದು ತುತ್ತು. ಹುಡುಗಿಯ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಅಗಿಯುವುದನ್ನು ನಿಲ್ಲಿಸಲಿಲ್ಲ. ತಾಯಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಪ್ರತಿ ತುತ್ತಿಗೂ ಅವರ ತುಟಿ ಅಲ್ಲಾಡುತ್ತಿತ್ತು. ಕಜ್ಜಾಯ ಮುರಿದು ಕೊಟ್ಟ ಮೇಲೆ ಅಜ್ಜಿ ಸೆರಗಿನ ತುದಿಯಿಂದ ಹುಡುಗಿಯ ಬಾಯಿ ಒರೆಸಿದಳು.

"ಒಟ್ಟೆ ತುಂಬ್ತಾ?"

"ತುಂಬ್ತು ಕಣವ್ವ."

"ಇನ್ನೇನೂ ಬೇಡ್ವಾ?"

"ಬೇಡ."

ಅಜ್ಜಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. ಹಣೆ, ಹುಬ್ಬು, ಕೆನ್ನೆ, ಗದ್ದ, ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ ಸವರಿ ನೋಡಿದಳು. ಅಷ್ಟು ದೀರ್ಘವಾಗಿ ಒಬ್ಬರು ಇನ್ನೊಬ್ಬರ ಮುಖ ನೋಡಿದ್ದನ್ನು ನಾನು ಕಂಡಿಲ್ಲ. ಆಮೇಲೆ ಕೈ ತೆಗೆದಳು.

"ಸರಿ. ಓಗು ಇನ್ನ. ತಿರ್ಗಿ ನೋಡ್ಬೇಡ."

ಹುಡುಗಿ ಎದ್ದಳು. ಉದ್ದನೆಯ ಹಜಾರದ ಮಧ್ಯೆ, ಎರಡು ಸಾಲು ಮಂಚಗಳ ನಡುವೆ, ಹಿಂಬಾಗಿಲ ಕಡೆಗೆ ನಡೆದಳು. ಯಾರೂ ಅವಳ ಪಾದ ನೋಡಲಿಲ್ಲ. ಅವಳು ದಾಟಿದಂತೆ ಒಬ್ಬೊಬ್ಬರೂ ಮುಖ ಗೋಡೆಗೆ ತಿರುಗಿಸಿದರು. ಬಾಗಿಲಾಚೆಯ ಬಿಸಿಲಿಗೆ ಅವಳು ಇಳಿದು ಕಾಣೆಯಾದ ಮೇಲೆ ಕೊಡದಿಂದ ನೀರು ಸುರಿಯುವ ಸದ್ದೂ, ತಾಯಿ ಮಗಳಿಬ್ಬರೂ ಅಳುವ ಸದ್ದೂ ಕೇಳಿಸಿತು.

ಅಜ್ಜಿ ನನ್ನ ಕಡೆ ತಿರುಗಿ, "ಅಸ್ವಾಯ್ತದೆ" ಎಂದಳು. ಬಟ್ಟಲು ತುಂಬ ಗಂಜಿ ಕುಡಿದಳು.

ಹುಡುಗಿಗೆ ಕೆಲವು ದಿನ ರಜ ಕೊಟ್ಟೆ. ವಾಪಸು ಬರುತ್ತಾಳೆಂಬ ಭರವಸೆ ನನಗಿರಲಿಲ್ಲ. ಬಂದಳು, ಅಣ್ಣನ ಸೈಕಲ್ಲಿನಲ್ಲಿ ಬಸ್ಸುನಿಲ್ದಾಣಕ್ಕೆ ಬಂದು, ಎರಡು ಬಸ್ಸು ಹತ್ತಿ. ಮುಖದಲ್ಲಿ ಬಣ್ಣ ಮರಳಿತ್ತು. ಹಜಾರದವರು ಅವಳನ್ನು ಹೊಸಬಳೆಂಬಂತೆ ಯಾವೂರು, ಯಾರ ಮಗಳು ಎಂದು ವಿಚಾರಿಸಿದರು. ಅವಳ ಕೈಯಿಂದ ಉಂಡರು. ಹುಡುಗಿಯರು ಅವಳ ಪಕ್ಕದಲ್ಲಿ ಕೂತು ತಿಂದರು. ಉಮ್ಮತ್ತೂರಿನ ಅಜ್ಜಿಯ ಮುಂದೆ ಅವಳು ಬಟ್ಟಲು ಹಿಡಿದು ಕೂತಾಗ ಮಾತ್ರ ಅಜ್ಜಿ ಏನೂ ಮಾಡಲಿಲ್ಲ. ತುಟಿ ಬಿಗಿಯಲಿಲ್ಲ, ಬೇಡವೆನ್ನಲಿಲ್ಲ. ಅವಳನ್ನು ದಾಟಿ ಎದುರಿನ ಗೋಡೆ ನೋಡುತ್ತಿದ್ದಳು.

"ಅಜ್ಜಿ" ಎಂದಳು ಹುಡುಗಿ. ಅಜ್ಜಿಯ ಕಣ್ಣು ಅಲ್ಲಾಡಲಿಲ್ಲ. ಚಮಚ ತುಟಿಗೆ ತಾಕಿದಾಗ ಬೆಚ್ಚಿ, ತುಟಿಯನ್ನು ಕೈಯಿಂದ ಒರೆಸಿಕೊಂಡು, ನೊಣ ಇರಬೇಕೆಂಬಂತೆ ಸುತ್ತ ನೋಡಿದಳು. ನಾನು ಹುಡುಗಿಯ ಹಿಂದೆ ನಿಂತು ಬೆರಳಾಡಿಸಿದೆ. ಅಜ್ಜಿಯ ನೋಟ ಹುಡುಗಿಯ ತಲೆಯ ಮೇಲಿನಿಂದ ಹಾದು ನನ್ನ ಬೆರಳನ್ನು ಹಿಂಬಾಲಿಸಿತು. ಬೇರೆ ದಿನ, ಬೇರೆ ಬಟ್ಟೆ, ಬೇರೆ ಹೊತ್ತು, ಎಲ್ಲ ಪ್ರಯತ್ನಿಸಿದೆವು. ಡಾಕ್ಟರು ಕಣ್ಣು ಪರೀಕ್ಷಿಸಿ, ಮಿದುಳು ಹೀಗೆಲ್ಲ ಮಾಡುತ್ತದೆ ಎಂದರು. ಹೇಗೆ ಎನ್ನಲಿಲ್ಲ. ಅಜ್ಜಿಗೆ ಮಿಕ್ಕ ಎಲ್ಲರೂ ಕಾಣುತ್ತಿದ್ದರು.

ಒಂದು ಸಂಜೆ ಹುಡುಗಿ ಕಚೇರಿಗೆ ಬಂದು ಕುರ್ಚಿಯಲ್ಲಿ ಕೂತಳು. "ನನ್ ಕೈಲೇ ಉಣ್ಲಿ ಅಂತ ಇಷ್ಟೆಲ್ಲ ಮಾಡ್ದೆ ಸಿಸ್ಟರ್" ಎಂದಳು. ಆಮೇಲೆ ಅವಳೇ ಎದ್ದಳು. "ಹೊಸ್ದಾಗಿ ಮದ್ದೂರಿಂದ ಬಂದವ್ಳಲ್ಲ, ಅವ್ಳ್ಗೆ ಕಲಿಸ್ತೀನಿ. ಅವ್ಳ ಕೈ ನಿಧಾನ. ಅಜ್ಜಿಗೆ ಸರಿಯಾಯ್ತದೆ" ಎಂದಳು. ನಾನು ಹೊರಟ ಮೇಲೆ ಆ ಆಶ್ರಮ ಯಾರ ಕೈಗೆ ಹೋಗಬೇಕೆಂದು ಕಾರ್ಯದರ್ಶಿಗಳಿಗೆ ತಿಳಿಸಲು ಆ ಸಂಜೆಯೇ ಫೋನು ಮಾಡಿದೆ.

ನಾನಿದ್ದ ಕೊನೆಯ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಹಜಾರದಲ್ಲಿ ನಿಂತಿದ್ದೆ. ಮದ್ದೂರಿನ ಹುಡುಗಿ ಅಜ್ಜಿಯ ಎದುರು ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಬೆನ್ನ ಹಿಂದೆ ಹರವೆಯ ಹುಡುಗಿ ನಿಂತು, ಕಿವಿಯ ಹತ್ತಿರ ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿಕೊಡುತ್ತಿದ್ದಳು: "ಗದ್ದ ಕೆಳಗಿರ್ಲಿ. ಚಮಚ ಕೆಳಗಿಂದ ತಗಂಡೋಗು. ಗಂಟ್ಲು ನೋಡು, ಗಂಟ್ಲು."

ಅಜ್ಜಿ ಅಗಿಯುವುದನ್ನು ನಿಲ್ಲಿಸಿದಳು. ತಲೆ ವಾರೆ ಮಾಡಿ ಆಲಿಸಿದಳು.

"ಯಾರೋ ಮಾತಾಡ್ದಂಗಾಯ್ತು" ಎಂದಳು. "ಯಾರವ್ವ ಅವ್ರೆ ನಿನ್ ಇಂದೆ?"

ಮದ್ದೂರಿನ ಹುಡುಗಿ ಏನು ಹೇಳಬೇಕೆಂದು ತಿಳಿಯದೆ ಹಿಂತಿರುಗಿ ನೋಡಿದಳು. ಹರವೆಯ ಹುಡುಗಿ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು.

"ಯಾರೂ ಇಲ್ಲ ಕಣಜ್ಜಿ" ಎಂದಳು ಮದ್ದೂರಿನವಳು. "ಗಾಳಿ."

ಅಜ್ಜಿ ಬಾಯಿ ತೆರೆದಳು. ಆ ತುತ್ತು ಗಂಟಲು ದಾಟುವುದನ್ನು ನೋಡಿಕೊಂಡು, ಹರವೆಯ ಹುಡುಗಿ ಸದ್ದಾಗದಂತೆ ಪಕ್ಕದ ಮಂಚಕ್ಕೆ ಸರಿದಳು.